ಸಾರ್, ಒಂದು ಸಣ್ಣ ಡೌಟು!

ಸಂಜೆ ಆರೂವರೆಗೆ ಕರಿಕೋಟು ಗೂಟಕ್ಕೆ ನೇತುಹಾಕಿ ಕೂತರೆ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಶುರುವಾಗುತ್ತದೆ. ವಕೀಲರ ಆಫೀಸಿಗೆ ಚಪ್ಪಲಿ ಬಿಟ್ಟು ಬರಬೇಕೆಂದೇನೂ ಇಲ್ಲ, ಆದರೂ ಬಿಡುತ್ತಾರೆ. ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಬಟ್ಟೆ ಅಂಗಡಿಯ ಹಳೇ ಕವರೊಂದನ್ನು ಮೇಜಿನ ಮೇಲೆ ಸುರಿಯುತ್ತಾರೆ. ರೇಷನ್ ಕಾರ್ಡು, ಕಂದಾಯದ ರಸೀದಿಗಳು, ಅಜ್ಜನ ಮರಣಪತ್ರ, ಮಡಿಕೆಯ ಗೆರೆಯಲ್ಲೇ ಹರಿದುಹೋದ ಒಂದು ಕ್ರಯಪತ್ರ, ಜೊತೆಗೆ ಹೇಗೋ ಸೇರಿಕೊಂಡ ಯಾರದೋ ಮದುವೆಯ ಲಗ್ನಪತ್ರಿಕೆ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳುವ ಮೊದಲ ಮಾತು, ಇಷ್ಟು ವರ್ಷವಾದರೂ ಬದಲಾಗಿಲ್ಲ: ‘ಸಾರ್, ಒಂದು ಸಣ್ಣ ಡೌಟು.’

ಸಣ್ಣ ಡೌಟು ಯಾವತ್ತೂ ಸಣ್ಣದಾಗಿರುವುದಿಲ್ಲ. ಕೇಳುವವರಿಗೆ ಬೇಕಾಗಿರುವುದು ಹೌದು ಅಥವಾ ಇಲ್ಲ ಅನ್ನುವ ಒಂದು ಮಾತು. ನನಗೆ ಸಿಗುವುದು ಅಜ್ಜನ ಕಾಲದಿಂದ ಶುರುವಾಗುವ ಕಥೆ. ಯಾರು ಯಾರಿಗೆ ಎಷ್ಟು ಮಾಡಿದರು, ಯಾರು ಉಂಡ ಮನೆಯ ಉಪಕಾರ ಮರೆತರು, ಅರಳಿಕಟ್ಟೆಯ ಮೇಲೆ ಯಾರು ಏನು ಮಾತು ಕೊಟ್ಟರು. ಕಥೆಯಲ್ಲಿ ಬಹುಮಟ್ಟಿಗೆ ಸುಳ್ಳಿರುವುದಿಲ್ಲ. ಆದರೆ ಕೋರ್ಟು ಕಥೆಗೆ ಕಿವಿಗೊಡುವ ಮುಂಚೆ ಎರಡು ಪ್ರಶ್ನೆ ಕೇಳುತ್ತದೆ: ಕಾಗದ ಎಲ್ಲಿ? ತಾರೀಖು ಯಾವುದು? ಈ ಮೇಜಿನ ಹಿಂದೆ ಕೂತು ನಾನು ಕಲಿತದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಈ ಎರಡೇ ಮಾತು. ನ್ಯಾಯ ತಮ್ಮ ಕಡೆ ಇದ್ದೂ ಸೋತ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಅವರು ಸಹಿ ಹಾಕಿದ ಮೇಲೆ ಬಂದಿದ್ದರು, ಇಲ್ಲವೇ ಗಡುವಿನ ದಿನ ಮುಗಿದ ಮೇಲೆ. ಸಹಿಗೆ ಮುಂಚೆ ಬಂದವರು ಅಪರೂಪ. ಅಂಥ ಒಬ್ಬರ ವಿಷಯ ಕೊನೆಗೆ ಹೇಳುತ್ತೇನೆ.

‘ಖಾತೆ ನನ್ನ ಹೆಸರಿಗೇ ಇದೆಯಲ್ಲ?’

ವಾರಕ್ಕೆ ಎರಡು ಸಲವಾದರೂ ಬರುವ ಪ್ರಶ್ನೆ ಇದು. ಖಾತೆ ಅಂದರೆ ಕಂದಾಯ ಯಾರಿಂದ ವಸೂಲು ಮಾಡಬೇಕು ಅಂತ ಪಂಚಾಯ್ತಿಯೋ ಪುರಸಭೆಯೋ ಬರೆದಿಟ್ಟುಕೊಂಡ ಲೆಕ್ಕ. ಕರೆಂಟು ಬಿಲ್ಲು ನಿಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲವಲ್ಲ, ಹಾಗೆ. ಜಮೀನಿನ ಪಹಣಿಗೆ ಇದಕ್ಕಿಂತ ಸ್ವಲ್ಪ ತೂಕ ಹೆಚ್ಚು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಪಹಣಿಯಲ್ಲಿ ಇರುವುದು ತಪ್ಪೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕು. ಆ ‘ಸಾಬೀತಾಗುವವರೆಗೆ’ ಅನ್ನುವ ಮಾತಿನ ಮೇಲೆ ಎಷ್ಟು ಸಿವಿಲ್ ದಾವೆಗಳು ಕೂತಿವೆಯೋ! ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳುತ್ತಲೇ ಬಂದಿದೆ; ನಾವು ಖಾತೆ ಆಯ್ತು ಅಂತ ಸಿಹಿ ಹಂಚುತ್ತಲೇ ಬಂದಿದ್ದೇವೆ.

ಒಬ್ಬ ಲಾರಿ ಚಾಲಕರು ಬಂದಿದ್ದರು. ಊರಾಚೆ ಮೂವತ್ತು ನಲವತ್ತರ ಸೈಟು ತೆಗೆದುಕೊಂಡಿದ್ದರು. ಕೈಯಲ್ಲಿದ್ದದ್ದು ಸ್ಟಾಂಪ್ ಪೇಪರಿನ ಮೇಲಿನ ಒಂದು ಕರಾರು, ಜಿಪಿಎ ಅನ್ನುವ ಒಂದು ಅಧಿಕಾರಪತ್ರ. ‘ನೋಟರಿ ಆಗಿದೆ ಸಾರ್’ ಅಂತ ಆ ದುಂಡನೆಯ ಸೀಲಿನ ಮೇಲೆ ಬೆರಳಾಡಿಸಿದರು. ಸ್ಟೇರಿಂಗ್ ಹಿಡಿದು ಗಟ್ಟಿಯಾದ ಬೆರಳು. ಆ ಸೀಲು ಹೇಳುವುದು ಇಷ್ಟೇ: ಇಂಥವರು ನನ್ನ ಎದುರು ಸಹಿ ಹಾಕಿದರು. ಸೈಟು ಯಾರದು ಅಂತ ಅದು ಹೇಳುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಣಿ ಆಗಲೇಬೇಕು. ಜಿಪಿಎ, ಕರಾರು, ವಿಲ್ಲು ಈ ಮೂರನ್ನು ಸೇರಿಸಿ ಕಟ್ಟಿಕೊಟ್ಟರೂ ಅದು ಕ್ರಯವಾಗುವುದಿಲ್ಲ ಅಂತ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಚಾಲಕರು ಸೈಟು ತೆಗೆದುಕೊಂಡದ್ದು ಆ ತೀರ್ಪು ಬಂದು ಎಷ್ಟೋ ವರ್ಷವಾದ ಮೇಲೆ. ‘ಎಲ್ಲರೂ ಹಾಗೇ ತಗೊಂಡಿದ್ದಾರಲ್ಲ ಸಾರ್’ ಅಂದರು. ಎಲ್ಲರೂ ಹಾಗೇ ತೆಗೆದುಕೊಂಡಿದ್ದಾರೆ ಅನ್ನುವುದು ನಮ್ಮಲ್ಲಿ ದೊಡ್ಡ ಧೈರ್ಯ. ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ.

ಸೈಟೋ ಜಮೀನೋ ಕೊಳ್ಳುವುದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವ ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇಸಿ ಅನ್ನುವುದನ್ನು, ಮೊದಲು ತೆಗೆಸಿ. ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, ನೋಂದಣಿಯಾಗದ ವಿಲ್ಲು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಇರುವುದಿಲ್ಲ. ಜಮೀನಾದರೆ ಪಹಣಿಯ 11ನೇ ಕಲಮನ್ನು ಬೆರಳಿಟ್ಟು ಓದಿ. ಸೊಸೈಟಿ ಸಾಲವೋ ತಡೆಯಾಜ್ಞೆಯೋ ಇದ್ದರೆ ಅಲ್ಲಿ ಇಣುಕುತ್ತದೆ. ಸರ್ವೆ ನಂಬರಿನ ಒಂದು ತುಂಡನ್ನು ಮಾತ್ರ ಕೊಳ್ಳುವುದಾದರೆ ಆ ತುಂಡನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಇನ್ನೊಂದು ಕಾಗದ ಎಲ್ಲಕ್ಕಿಂತ ಮುಖ್ಯ, ಅದನ್ನು ಕೇಳಲು ಜನ ಸಂಕೋಚಪಡುತ್ತಾರೆ: ವಂಶವೃಕ್ಷ. ಮಾರುವವರ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು? ಅವರ ಸಹಿ ಎಲ್ಲಿ?

ಅರಿಶಿನ ಕುಂಕುಮ ಮತ್ತು ಹೆಬ್ಬೆಟ್ಟು

‘ಮದುವೆಯಾಗಿ ಹೋದವಳಿಗೆ ತವರಲ್ಲಿ ಪಾಲಿದೆಯಾ?’ ಈ ಪ್ರಶ್ನೆಯನ್ನು ಹೆಣ್ಣುಮಕ್ಕಳಿಗಿಂತ ಹೆಚ್ಚಾಗಿ ಅವರ ಅಣ್ಣತಮ್ಮಂದಿರೇ ಕೇಳುತ್ತಾರೆ. ಇಲ್ಲ ಅನ್ನುವ ಉತ್ತರ ಬೇಕಾಗಿರುತ್ತದೆ.

ಇದೆ. ಕರ್ನಾಟಕದಲ್ಲಿ ಈ ಮಾತು ದೆಹಲಿಗಿಂತ ಮೊದಲೇ ಬಂದಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮುಂಚೆಯೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಆ ಗೋಡೆಯನ್ನು ಒಡೆದದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ: ಮದುವೆಯಾಗಿರಲಿ ಬಿಡಲಿ, ಮಗಳು ಹುಟ್ಟಿನಿಂದಲೇ ಮಗನಂತೆ ಸಮಾನ ಹಕ್ಕುದಾರಳು. ಹಾಗಾದರೆ ಅಪ್ಪ 2005ಕ್ಕೂ ಮುಂಚೆ ತೀರಿಕೊಂಡಿದ್ದರೆ? ಹದಿನೈದು ವರ್ಷ ಈ ಪ್ರಶ್ನೆಯನ್ನು ಕೋರ್ಟುಗಳು ಒಂದೊಂದು ಥರ ಬಿಡಿಸಿದವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೊಂದಲ ಮುಗಿಸಿತು. ಹಕ್ಕು ಬರುವುದು ಮಗಳ ಹುಟ್ಟಿನಿಂದ. 2005ರ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕಾಗಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಆಗಿ ಪಾಲು ಮುಗಿದಿದ್ದರೆ ಅದನ್ನು ಕೆದಕುವಂತಿಲ್ಲ. ನೋಡಿ, ಮತ್ತೆ ಅದೇ ಎರಡು: ಕಾಗದ, ತಾರೀಖು. ‘ಆಗಲೇ ಬಾಯಿಮಾತಲ್ಲಿ ಪಾಲಾಗಿತ್ತು’ ಅಂದರೆ ಕೋರ್ಟು ಸುಲಭಕ್ಕೆ ನಂಬುವುದಿಲ್ಲ.

ಅಪ್ಪನ ಸ್ವಯಾರ್ಜಿತದ ವಿಷಯ ಬೇರೆ. ದುಡಿದು ಸಂಪಾದಿಸಿದ್ದನ್ನು ಅಪ್ಪ ಬೇಕಾದವರಿಗೆ ಬರೆಯಬಹುದು, ಮಗಳನ್ನೂ ಮಗನನ್ನೂ ಬಿಟ್ಟು ಮಠಕ್ಕೂ ಕೊಡಬಹುದು. ಏನೂ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವನ ತಾಯಿ, ಎಲ್ಲರಿಗೂ ಸಮಪಾಲು. ಬ್ಯಾಂಕಿನ ನಾಮಿನಿ ಇಲ್ಲಿ ಲೆಕ್ಕಕ್ಕಿಲ್ಲ. ಠೇವಣಿಯ ಹಣವನ್ನು ಬ್ಯಾಂಕು ಅವನ ಕೈಗೆ ಕೊಡುತ್ತದೆ, ನಿಜ. ಕೈಗೆ ಬಂದದ್ದು ವಾರಸುದಾರರ ಪರವಾಗಿ, ಒಬ್ಬನೇ ನುಂಗುವುದಕ್ಕಲ್ಲ.

ಕಾನೂನು ಇಷ್ಟು ಸರಳ. ಆದರೆ ನನ್ನ ಮೇಜಿನ ಮುಂದೆ ಕೂತ ಆ ಹೆಂಗಸಿಗೆ ಏನೂ ಸರಳವಾಗಿರಲಿಲ್ಲ. ಐವತ್ತರ ಆಸುಪಾಸು. ಗೌರಿಹಬ್ಬಕ್ಕೆ ತವರಿಗೆ ಹೋದಾಗ ಅಣ್ಣ ಸೀರೆ ಕೊಟ್ಟು, ಮಾರನೇ ದಿನ ಪೇಟೆಗೆ ಕರೆದುಕೊಂಡು ಹೋಗಿ, ‘ಸಾಲಕ್ಕೆ ಬೇಕು, ಒಂದು ಸಹಿ ಹಾಕಮ್ಮ’ ಅಂದನಂತೆ. ಅವಳು ಓದಿದವಳೇ. ಆದರೂ ಓದಲಿಲ್ಲ. ‘ಅಣ್ಣ ಎದುರಿಗೆ ನಿಂತಿರುವಾಗ ಕಾಗದ ಓದುತ್ತಾ ಕೂತರೆ ಏನಂದುಕೊಳ್ಳುತ್ತಾನೆ ಸಾರ್?’ ಆ ಕಾಗದದ ನಕಲನ್ನು ಎಂಟು ವರ್ಷವಾದ ಮೇಲೆ ನನ್ನ ಮುಂದಿಟ್ಟಿದ್ದಳು. ತಲೆಬರಹ ದಪ್ಪಕ್ಷರದಲ್ಲಿತ್ತು: ಹಕ್ಕು ಖುಲಾಸೆ ಪತ್ರ. ಅರಿಶಿನ ಕುಂಕುಮಕ್ಕಾಗಿ ಇಂತಿಷ್ಟು ಸಾವಿರ ಪಡೆದು, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ.

ಮೋಸ ಮಾಡಿ ಬರೆಸಿಕೊಂಡದ್ದು ಅಂತ ಸಾಬೀತುಮಾಡಿದರೆ ಅಂಥ ಪತ್ರವನ್ನು ರದ್ದು ಮಾಡಿಸಬಹುದು. ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ‘ಯಾವಾಗ ಗೊತ್ತಾಯ್ತು?’ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅನುಮಾನ ಆವತ್ತೇ ಬಂದಿತ್ತು’ ಅಂದಳು. ವಕೀಲನಾಗಿ ನನಗೆ ಬೇಡವಾಗಿದ್ದ ಉತ್ತರ ಅದು. ಅಷ್ಟು ಪ್ರಾಮಾಣಿಕವಾದ ಉತ್ತರ ಆ ಕುರ್ಚಿಯಿಂದ ನಾನು ಕೇಳಿದ್ದೂ ಕಡಿಮೆ.

ಜಾಮೀನು ಎಂಬ ಎರಡು ಅಲಗಿನ ಕತ್ತಿ

ಜೈಲಿನಿಂದ ಬಿಡಿಸುವುದಕ್ಕೂ ಜಾಮೀನು ಅನ್ನುತ್ತೇವೆ, ಸಾಲಕ್ಕೆ ಹೊಣೆಯಾಗುವುದಕ್ಕೂ ಜಾಮೀನು ಅನ್ನುತ್ತೇವೆ. ಮೊದಲನೆಯದು ಒಬ್ಬನನ್ನು ಹೊರಗೆ ತರುತ್ತದೆ, ಎರಡನೆಯದು ಇನ್ನೊಬ್ಬನನ್ನು ಒಳಗೆ ಸಿಕ್ಕಿಸುತ್ತದೆ.

‘ಸಾಲ ತಗೊಂಡವನು ಕಾರಲ್ಲಿ ಓಡಾಡ್ತಾನೆ ಸಾರ್, ಬ್ಯಾಂಕಿನವರು ನನ್ನ ಸಂಬಳಕ್ಕೆ ಕೈಹಾಕಿದ್ದಾರೆ. ಮೊದಲು ಅವನನ್ನು ಹಿಡೀಬೇಕಲ್ವಾ?’ ನ್ಯಾಯವಾದ ಪ್ರಶ್ನೆ. ಆದರೆ 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಅವನನ್ನು ಬಿಟ್ಟು ನೇರವಾಗಿ ನಿಮ್ಮ ಹತ್ತಿರವೇ ಬರಬಹುದು. ಕಟ್ಟಿದ ಮೇಲೆ ನೀವು ಅವನ ಮೇಲೆ ದಾವೆ ಹೂಡಬಹುದು ಅನ್ನುವುದೊಂದೇ ಸಮಾಧಾನ. ಸ್ನೇಹಿತನಿಗೆ ಜಾಮೀನು ಹಾಕುವ ಮುನ್ನ ‘ಈ ಸಾಲ ನಾನೇ ತೆಗೆದುಕೊಂಡಿದ್ದರೆ ತೀರಿಸಬಲ್ಲೆನೇ’ ಅಂತ ಕೇಳಿಕೊಂಡರೆ ಸಾಕು.

ಇನ್ನು ಕೈಸಾಲ. ಕೊಟ್ಟ ಹಣ ವಾಪಸು ಕೇಳಲು ಕಾನೂನು ಕೊಡುವ ಕಾಲ ಸಾಮಾನ್ಯವಾಗಿ ಮೂರು ವರ್ಷ. ಆ ಮೂರು ವರ್ಷವನ್ನು ನಮ್ಮವರು ‘ಯುಗಾದಿ ಕಳೀಲಿ’, ‘ಮಗಳ ಮದುವೆ ಮುಗೀಲಿ’, ‘ಅಡಿಕೆ ರೇಟು ಏರಲಿ’ ಅನ್ನುವ ಮಾತುಗಳಲ್ಲೇ ಕಳೆಯುತ್ತಾರೆ. ಗಡುವು ಮುಗಿಯುವ ಮುನ್ನ ಸಾಲಗಾರ ‘ಇಷ್ಟು ಕೊಡಬೇಕಿದೆ’ ಅಂತ ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ. ಗಡುವು ಮುಗಿದ ಮಾರನೇ ದಿನ ಬರೆದುಕೊಟ್ಟದ್ದಕ್ಕೆ ಆ ಬಲ ಇಲ್ಲ. 20 ಸಾವಿರ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ ಅನ್ನುವುದೂ ನೆನಪಿರಲಿ. ಬ್ಯಾಂಕಿನ ಮೂಲಕ ಕೊಟ್ಟರೆ ಸಾಕ್ಷಿ ತಾನಾಗಿಯೇ ಹುಟ್ಟುತ್ತದೆ.

ಚೆಕ್ ಬೌನ್ಸ್ ಆದರೆ ಲೆಕ್ಕ ವರ್ಷದ್ದಲ್ಲ, ದಿನದ್ದು. ಚೆಕ್ಕಿನ ಆಯಸ್ಸು ಮೂರು ತಿಂಗಳು. ಬೌನ್ಸಾಯಿತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕಳಿಸಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು ಚೆಕ್ಕು ಕೊಟ್ಟವನಿಗೆ 15 ದಿನ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ದೂರು ತಡವಾದರೆ ತಕ್ಕ ಕಾರಣವಿದ್ದಲ್ಲಿ ಕೋರ್ಟು ಮನ್ನಿಸಬಹುದು. ನೋಟಿಸು ತಡವಾದರೆ ಮನ್ನಿಸುವ ದಾರಿಯೇ ಇಲ್ಲ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ‘ಬರೀ ಸಹಿ ಹಾಕಿ ಖಾಲಿ ಚೆಕ್ಕು ಕೊಟ್ಟಿದ್ದೆ, ಮೊತ್ತ ಅವನೇ ತುಂಬಿದ್ದಾನೆ’ ಅನ್ನುವುದು ಚೆಕ್ಕು ಕೊಟ್ಟವರ ವಾದ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ ಕಾನೂನಿನ ಬಲವಿದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಾಲವೇ ಇರಲಿಲ್ಲ ಅಂತ ತೋರಿಸುವ ಭಾರ ಸಹಿ ಹಾಕಿದವನ ಹೆಗಲಿಗೆ.

ಸ್ತ್ರೀಶಕ್ತಿ ಗುಂಪುಗಳ ಹೆಣ್ಣುಮಕ್ಕಳು ಈಚೆಗೆ ಕೇಳುವ ಪ್ರಶ್ನೆ ಬೇರೆ: ‘ಕಂತು ತಪ್ಪಿದರೆ ಮನೆಬಾಗಿಲಿಗೆ ಬಂದು ಕೂಗಾಡ್ತಾರೆ, ಇದಕ್ಕೆ ಕಾನೂನಿಲ್ವಾ?’ ಇದೆ. ಕಿರುಸಾಲ ವಸೂಲಿಯವರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಸಾಲ ತೀರಿಸಬೇಕು, ಸರಿ. ಮಾನ ಅಡವಿಡಬೇಕಾಗಿಲ್ಲ.

‘ನೋಟಿಸು ತಗೊಳ್ಳದೆ ವಾಪಸ್ ಕಳಿಸಿದೆ ಸಾರ್!’

ಇದನ್ನು ಹೇಳುವಾಗ ಮುಖದಲ್ಲೊಂದು ಗೆಲುವಿನ ನಗೆ ಇರುತ್ತದೆ. ಪೋಸ್ಟ್‌ಮ್ಯಾನ್ ಊರಿನವನೇ, ‘ಮನೇಲಿಲ್ಲ ಅಂತ ಬರಿಯಪ್ಪಾ’ ಅಂದಿರುತ್ತಾರೆ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದದ್ದನ್ನು ನಿರಾಕರಿಸಿದರೆ ತಲುಪಿದಂತೆಯೇ ಲೆಕ್ಕ. ನೀವು ಓದಲಿಲ್ಲ ಅಷ್ಟೇ, ದಿನಗಳು ಓಡಲು ಶುರುವಾಗಿರುತ್ತವೆ. ಕೋರ್ಟಿನ ಸಮನ್ಸಿಗೂ ಬೆನ್ನು ತಿರುಗಿಸಿದರೆ ಏಕಪಕ್ಷೀಯ ಡಿಕ್ರಿ. ಅದನ್ನು ತೆಗೆಸಿಹಾಕಲು ಅರ್ಜಿ ಹಾಕುವುದಕ್ಕೆ ಇರುವುದು 30 ದಿನ. ನೋಟಿಸಿಗೆ ಹೆದರಬೇಡಿ, ಅದು ಶಿಕ್ಷೆಯಲ್ಲ. ತೆಗೆದುಕೊಳ್ಳಿ, ಲಕೋಟೆಯ ಮೇಲೆ ಬಂದ ತಾರೀಖು ಬರೆದಿಡಿ.

ಬಾಡಿಗೆಯ ಪ್ರಶ್ನೆಗಳಿಗೂ ಇಂಥದೇ ನಂಬಿಕೆಗಳು ಅಂಟಿಕೊಂಡಿವೆ. ‘ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ ಆಗುತ್ತಂತೆ?’ ಮಾಲೀಕರ ಭಯ ಇದು. ಮಾಲೀಕನ ಒಪ್ಪಿಗೆಯಿಂದ ಒಳಬಂದವನು ಬಾಡಿಗೆದಾರನಾಗಿ ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಆ 12 ವರ್ಷದ ಲೆಕ್ಕ, ಮಾಲೀಕನ ಹಕ್ಕನ್ನು ಧಿಕ್ಕರಿಸಿ ಬಹಿರಂಗವಾಗಿ ಸ್ವಾಧೀನದಲ್ಲಿದ್ದವನಿಗೆ. ‘ಹನ್ನೊಂದೇ ತಿಂಗಳ ಅಗ್ರಿಮೆಂಟು ಯಾಕೆ?’ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಬೇಕು, ಆ ಖರ್ಚು ತಪ್ಪಿಸಲು. ಇನ್ನು ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಯಾವ ಕಾನೂನಿನಲ್ಲೂ ಇಲ್ಲ, ಅದು ರೂಢಿ. ಬಿಡುವಾಗ ಬಣ್ಣದ ಖರ್ಚಿಗೆ ಎಷ್ಟು ಹಿಡಿಯಬಹುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಒಳಹೋದ ದಿನವೇ ಗೋಡೆಗಳ ಫೋಟೊ ತೆಗೆದಿಡಿ.

‘ಇದು ಸಿವಿಲ್ ಮ್ಯಾಟರ್’

ಠಾಣೆಗೆ ದೂರು ಕೊಡಲು ಹೋದ ಸಾಮಾನ್ಯನಿಗೆ ಸಿಗುವ ಮೊದಲ ಉತ್ತರ ಬಹಳ ಸಲ ಇದೇ. ಕೆಲವೊಮ್ಮೆ ನಿಜವೂ ಹೌದು. ಬೇಲಿ ಜಗಳ, ಕೊಟ್ಟ ಸಾಲ, ಪಾಲಿನ ತಕರಾರು ಸಿವಿಲ್ ಕೋರ್ಟಿನವು. ಆದರೆ ಹೊಡೆದಿದ್ದಾರೆ, ಕದ್ದಿದ್ದಾರೆ, ನಕಲಿ ಸಹಿ ಮಾಡಿದ್ದಾರೆ ಅಂದಾಗಲೂ ಇದೇ ಮಾತು ಬಂದರೆ?

ಸಂಜ್ಞೇಯ ಅಪರಾಧದ, ಅಂದರೆ ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಅಂತ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಡಿವೈಎಸ್‌ಪಿ ದರ್ಜೆಯ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು.

ದೂರು ದಾಖಲಿಸಲಿಲ್ಲ ಅಂದರೆ ಜಗಳಕ್ಕೆ ಹೋಗಬೇಡಿ, ಹಿಂಬರಹ ಕೇಳಿ. ನಮ್ಮ ಕಚೇರಿಗಳ ಭಾಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪದ ಅದು. ‘ಆಗಲ್ಲ’ ಅನ್ನುವುದನ್ನು ಬಾಯಲ್ಲಿ ಹೇಳುವುದು ಸುಲಭ, ಬರೆದು ಸಹಿ ಹಾಕುವುದು ಕಷ್ಟ. ಹಿಂಬರಹ ಕೇಳಿದೊಡನೆ ಎಷ್ಟೋ ‘ಆಗಲ್ಲ’ಗಳು ‘ನೋಡೋಣ’ ಆಗುವುದನ್ನು ನೋಡಿದ್ದೇನೆ. ಅದೂ ಆಗದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಆಮೇಲೆ ಮ್ಯಾಜಿಸ್ಟ್ರೇಟರ ಬಾಗಿಲು ಇದ್ದೇ ಇದೆ.

‘ವಿಚಾರಣೆಗೆ ಅಂತ ಹೆಂಡತಿಯನ್ನು ಠಾಣೆಗೆ ಕರೀತಿದ್ದಾರೆ, ಕಳಿಸಬೇಕಾ?’ ಸಾಕ್ಷಿ ಕೇಳಲು ಮಹಿಳೆಯರನ್ನೂ 60 ದಾಟಿದ ಗಂಡಸರನ್ನೂ 15ರೊಳಗಿನ ಹುಡುಗರನ್ನೂ ಅವರು ವಾಸವಿರುವಲ್ಲಿಗೇ ಬಂದು ಕೇಳಬೇಕೇ ಹೊರತು ಬೇರೆಡೆಗೆ ಬರಲೇಬೇಕು ಅನ್ನುವಂತಿಲ್ಲ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸಬೇಕಾದರೆ ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ, ಮೂರೂ ಬೇಕು.

ದಾನಪತ್ರದಲ್ಲಿ ಬಿಟ್ಟುಹೋದ ಒಂದು ಸಾಲು

ನಿವೃತ್ತ ಮೇಷ್ಟ್ರೊಬ್ಬರು ಬಂದಾಗ ಕವರು ತಂದಿರಲಿಲ್ಲ. ಪೆನ್ನು ಸಿಕ್ಕಿಸಿದ ಜೇಬಿನಲ್ಲಿ ಒಂದೇ ಕಾಗದ ಅಚ್ಚುಕಟ್ಟಾಗಿ ಮಡಿಸಿ ಇಟ್ಟುಕೊಂಡಿದ್ದರು. ಮಗನಿಗೆ ಮನೆ ಬರೆದುಕೊಟ್ಟ ದಾನಪತ್ರ. ಈಗ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಊಟ ತಟ್ಟೆಯಲ್ಲಿ ಬಾಗಿಲ ತನಕ ಬರುತ್ತಿತ್ತು. ‘ಕೊಟ್ಟ ದಾನ ವಾಪಸು ಕೇಳೋದು ತಪ್ಪಲ್ವೇನಪ್ಪಾ?’ ಅಂತ ಕೇಳಿದರು. ಕಾನೂನಿನ ಪ್ರಶ್ನೆಯಾಗಿರಲಿಲ್ಲ ಅದು.

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಇಂಥವರಿಗಾಗಿಯೇ ಇದೆ. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳು ಅಧ್ಯಕ್ಷರಾಗಿರುವ ನ್ಯಾಯಮಂಡಳಿಗೆ. ತಿಂಗಳಿಗೆ 10 ಸಾವಿರ ರೂಪಾಯಿವರೆಗೆ ಜೀವನಾಂಶವನ್ನೂ ಅಲ್ಲೇ ಕೇಳಬಹುದು. ತೊಡಕಿರುವುದು ‘ಷರತ್ತು’ ಅನ್ನುವ ಪದದಲ್ಲಿ. ಅಂಥ ಷರತ್ತಿತ್ತು ಅಂತ ತೋರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮತ್ತೊಂದು ಪ್ರಕರಣದಲ್ಲಿ, ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆಯನ್ನು ಉದಾರವಾಗಿ ಓದಬೇಕು ಅಂದಿತು.

ಮೇಷ್ಟ್ರ ದಾನಪತ್ರ ಓದಿದೆ. ‘ಪ್ರೀತಿ ವಿಶ್ವಾಸದಿಂದ’ ಅಂತ ಎರಡು ಕಡೆ ಇತ್ತು. ‘ಜೀವಮಾನಪರ್ಯಂತ ನೋಡಿಕೊಳ್ಳತಕ್ಕದ್ದು’ ಅನ್ನುವ ಸಾಲು ಎಲ್ಲೂ ಇರಲಿಲ್ಲ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ ಬಿಟ್ಟುಹೋದ ಸಾಲನ್ನು ಹುಡುಕಿದ್ದ ಮನುಷ್ಯ. ‘ಮಗನ ಹತ್ತಿರ ಷರತ್ತು ಹಾಕೋದೇ ಅಂತ ನಾನೇ ಬೇಡ ಅಂದೆ’ ಅಂದರು. ಬರೆದುಕೊಡುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ಆ ಸಾಲು ಬರೆಸಿ. ಮಗ ಒಳ್ಳೆಯವನಾದರೆ ಅದು ಅವನನ್ನು ಚುಚ್ಚುವುದಿಲ್ಲ. ಇಲ್ಲವೇ ದಾನಪತ್ರದ ಗೊಡವೆಗೇ ಹೋಗದೆ ವಿಲ್ಲು ಬರೆಯಿರಿ. ವಿಲ್ಲಿಗೆ ಸ್ಟಾಂಪ್ ಪೇಪರು ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

‘ಫೀಸು ಎಷ್ಟಾಗುತ್ತೆ ಸಾರ್?’

ಎಲ್ಲ ಪ್ರಶ್ನೆಗಳ ಹಿಂದೆ ನಿಂತಿರುವ ಪ್ರಶ್ನೆ ಇದು. ಎದ್ದು ಚಪ್ಪಲಿ ಮೆಟ್ಟಿಕೊಳ್ಳುವಾಗ ಬರುತ್ತದೆ. ಗೆದ್ದ ಆಸ್ತಿಯಲ್ಲೋ ಪರಿಹಾರದಲ್ಲೋ ಪಾಲು ಕೇಳುವುದು ವಕೀಲರಿಗೆ ನಿಷಿದ್ಧ. ಕೊಟ್ಟ ಹಣಕ್ಕೆ ರಸೀದಿ ಕೇಳಿ, ಅದು ಅವಮಾನವಲ್ಲ. ನಿಮ್ಮ ಕೇಸಿನ ಸಿಎನ್‌ಆರ್ ಸಂಖ್ಯೆ ಬರೆದುಕೊಳ್ಳಿ. ಆ 16 ಅಂಕಿ ಅಕ್ಷರ ಹಾಕಿದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಕಾಣುತ್ತದೆ. ವಕಾಲತ್ತಿಗೆ ಸಹಿ ಹಾಕಿ ಮರೆತುಬಿಡುವವರೇ ಹೆಚ್ಚು.

ಎಷ್ಟೋ ಕೆಲಸಕ್ಕೆ ನಾವು ಬೇಕಾಗಿಯೂ ಇಲ್ಲ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರು, ಫ್ರಿಜ್ಜು ಹಾಳಾದರೂ ಕಂಪನಿ ಸ್ಪಂದಿಸಲಿಲ್ಲ ಅಂದರೆ 1915ಕ್ಕೆ ಫೋನು ಮಾಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ನೀವೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಅಪಘಾತದ ಪರಿಹಾರಕ್ಕೆ ಮಾತ್ರ ತಡ ಮಾಡಬೇಡಿ. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಸೇರಿದೆ. ಹದಿಮೂರನೇ ದಿನದ ಕಾರ್ಯ ಮುಗಿಯುವ ಮುಂಚೆಯೇ ಮನೆಗೆ ಬಂದು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಅವರಿಂದ ದೂರವಿರಿ.

ಇನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ‘ನನಗೆ ಉಚಿತ ವಕೀಲರು ಸಿಗುತ್ತಾರಾ?’ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕೋಣೆ ಇರುತ್ತದೆ, ಅದರ ಎದುರಿನ ಬೆಂಚಿನಲ್ಲೇ ಕೂತು ಜನ ಫೀಸಿಗೆ ಬಡ್ಡಿಸಾಲ ಎಲ್ಲಿ ಸಿಗುತ್ತದೆ ಅಂತ ಮಾತಾಡುತ್ತಿರುತ್ತಾರೆ. ಸಹಾಯವಾಣಿ ಸಂಖ್ಯೆ 15100. ಲೋಕ ಅದಾಲತ್ ಅನ್ನೂ ಕಡೆಗಣಿಸಬೇಡಿ. ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿದ ಮೇಲೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸು.

ಬೀರುವಿನಲ್ಲಿಲ್ಲದ ಕಡತ

ಕೊನೆಗೆ ಹೇಳುತ್ತೇನೆ ಅಂದಿದ್ದೆನಲ್ಲ, ಆ ವ್ಯಕ್ತಿ ಹೋಟೆಲಿನಲ್ಲಿ ದೋಸೆ ಹಾಕುವವರು. ಒಂದು ಭಾನುವಾರ ಬೆಳಿಗ್ಗೆ, ಅಂಗಿಯಲ್ಲಿ ಇನ್ನೂ ಎಣ್ಣೆಯ ವಾಸನೆ ಇರುವಾಗಲೇ ಬಂದರು. ‘ಸಾರ್, ಒಂದು ಸಣ್ಣ ಡೌಟು. ನಾಳೆ ಸೈಟಿನ ಅಗ್ರಿಮೆಂಟು. ಇನ್ನೂ ಸಹಿ ಹಾಕಿಲ್ಲ. ಹಾಕಬಹುದಾ?’

ನಾನು ಒಂದು ಕ್ಷಣ ಸುಮ್ಮನೆ ನೋಡಿದೆ. ‘ಹಾಕಿಬಿಟ್ಟೆ’ ಅನ್ನುವುದನ್ನೇ ಕೇಳಿ ಅಭ್ಯಾಸವಾದ ಕಿವಿಗೆ ‘ಹಾಕಬಹುದಾ’ ಹೊಸದಾಗಿತ್ತು. ‘ನಾಳೆ ಬೇಡ’ ಅಂದೆ. ಕಾಗದಗಳನ್ನು ತರಿಸಿ ಓದಿದಾಗ ಮಾರುವವನಿಗೆ ಇಬ್ಬರು ಅಕ್ಕಂದಿರಿರುವುದು ವಂಶವೃಕ್ಷದಲ್ಲಿ ಕಂಡಿತು. ಅಗ್ರಿಮೆಂಟಿನ ಕರಡಿನಲ್ಲಿ ಅವರ ಹೆಸರಿರಲಿಲ್ಲ. ಅವರನ್ನೂ ಸಹಿಗೆ ಕರೆಯಿರಿ ಅಂತ ಹೇಳಿ ಕಳಿಸಿದೆ. ಮಾರುವವನು ಸಿಟ್ಟಾಗಿ ಬೇರೆ ಗಿರಾಕಿ ನೋಡಿಕೊಳ್ಳುತ್ತೇನೆ ಅಂದನಂತೆ. ಹದಿನಾಲ್ಕು ವರ್ಷ ಕಾವಲಿಯ ಮುಂದೆ ನಿಂತು ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲೇ ಉಳಿಯಿತು.

ಅವರು ನನಗೆ ಕೊಟ್ಟದ್ದು ಐನೂರು ರೂಪಾಯಿ, ಜೊತೆಗೆ ಬಾಳೆಲೆಯಲ್ಲಿ ಕಟ್ಟಿದ ಎರಡು ಮಸಾಲೆ ದೋಸೆ. ಆಫೀಸಿನ ಬೀರುವಿನಲ್ಲಿ ಲಾರಿ ಚಾಲಕರ ಕಡತ ಇದೆ, ಆ ತಂಗಿಯ ಕಡತ ಇದೆ, ಮೇಷ್ಟ್ರದೂ ಇದೆ, ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ದೋಸೆಯವರ ಹೆಸರಿನಲ್ಲಿ ಕಡತವಿಲ್ಲ. ಅದು ಕೇಸೇ ಆಗಲಿಲ್ಲವಲ್ಲ.